ಹನ್ನೊಂದನೇ ನಂಬರು

ವರ್ಲನ್‌ನನ್ನು ಸಿಮೆಂಟಿನಲ್ಲಿ ಕಲಸಿದವಳು ಅವನ ಹೆಂಡತಿ ಆರ್ವೆಲ್ಲಾಳೇ. ಮೈದುನ ರಾಯ್ಸ್‌ನ ಹಿತ್ತಿಲಲ್ಲಿ ಸಿಮೆಂಟಿನ ಬಕೆಟ್ಟಿಗೆ ಸತ್ತ ಗಂಡನ ಚಿತಾಬೂದಿ ಸುರಿದು, ಗವಸು ಹಾಕಿಕೋ ಎಂದು ರಾಯ್ಸ್ ಬೈದರೂ ಕೇಳದೆ ಬರಿಗೈಯಲ್ಲೇ ಕಲಸಿ ಅಚ್ಚಿಗೆ ಹಾಕಿದಳು. ಕೈ ಎರಡು ದಿನ ಉರಿಯಿತು. ಒಣಗಿದ ಮೇಲೆ ಅಚ್ಚು ಬಿಚ್ಚಿದರೆ ಮೈತುಂಬ ತೂತುಗಳ ಗುಮ್ಮಟವೊಂದು ನಿಂತಿತ್ತು, ಅವಳ ಎದೆಯೆತ್ತರ. ತೂತುಗಳಲ್ಲಿ ಮೀನು ಹೋಗಿ ಬಂದು ಮಾಡಬೇಕು, ಮೇಲೆ ಪಾಚಿ, ಚಿಪ್ಪು ಹತ್ತಬೇಕು, ಹಾಗೆ ವರ್ಲನ್ ಕಡಲ ತಳದಲ್ಲಿ ಬಂಡೆಯಾಗಬೇಕು. ಅವನ ಆಸೆಯೇ ಅದಾಗಿತ್ತು.

ಎಲ್ಲಿ ಇಳಿಸಬೇಕೆಂಬುದನ್ನೂ ಹೇಳಿಯೇ ಹೋಗಿದ್ದ. ಆಸ್ಪತ್ರೆಯ ಮಂಚದಲ್ಲಿ ಮೂಗಿನ ನಳಿಗೆ ಸರಿಸಿಕೊಂಡು, "ಹನ್ನೊಂದರ ಮೇಲೆ ಇಳಿಸು. ಪುಸ್ತಕದಲ್ಲಿದೆ," ಎಂದಿದ್ದ. ಆರ್ವೆಲ್ಲಾ ಆಗಲಿ ಎಂದು ಮಾತು ಕೊಟ್ಟಿದ್ದಳು. ಅವನು ಅವಳ ಕೈಯನ್ನು ಎರಡು ಸಲ ಅದುಮಿದ್ದ.

ಅವರ ಊರು ಆರೆಂಜ್ ಬೀಚಿನ ದೋಣಿಯವರೆಲ್ಲ ಹಳೆ ಕಾರು, ಕಾಂಕ್ರೀಟು ಕೊಳವೆ, ಕೋಳಿಗೂಡು ಏನು ಸಿಕ್ಕರೆ ಅದನ್ನು ಒಯ್ದು ಮುಳುಗಿಸಿ, ಕಡಲಡಿಯಲ್ಲಿ ತಮ್ಮ ತಮ್ಮ ದಿಬ್ಬ ಮಾಡಿಕೊಂಡವರು. ಕೆಂಬೇರಿ ಮೀನು ಅಲ್ಲಿ ಬಂದು ಸಂಸಾರ ಹೂಡುತ್ತದೆ. ದಿಬ್ಬ ಇರುವ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳಿಗೆ ಅವರು ನಂಬರು ಎನ್ನುತ್ತಾರೆ, ಒಂದು ಪುಸ್ತಕದಲ್ಲಿ ಸಾಲಾಗಿ ಬರೆದಿಟ್ಟುಕೊಳ್ಳುತ್ತಾರೆ. ಮನೆಯ ಜಗಳವನ್ನು ಊರಿಗೆಲ್ಲ ಹೇಳಿಯಾರು, ನಂಬರನ್ನು ಮಾತ್ರ ಹೇಳರು. ವರ್ಲನ್‌ನ ಹನ್ನೊಂದು ಅಂದರೆ ಒಂದು ಶಾಲಾ ಬಸ್ಸಿನ ಮೈ ಮತ್ತು ಆರ್ವೆಲ್ಲಾಳ ಹಳೆಯ ಬಟ್ಟೆ ಒಗೆಯುವ ಯಂತ್ರ. ಮುಳುಗಿಸಿದ ದಿನ ಅವಳೂ ದೋಣಿಯಲ್ಲಿದ್ದಳು. ಆದರೂ ಅವನು ಅಂಕಿ ತೋರಿಸುವ ಪರದೆಯ ಮೇಲೆ ಟವೆಲ್ ಹೊದಿಸಿದ್ದ.

"ನನ್ನಿಂದಲೂ ಮುಚ್ಚಿಡ್ತೀಯಾ?" ಎಂದು ಅವಳು ಮುನಿಸಿಕೊಂಡಿದ್ದಳು.

"ನಿಂಗೆ ತಂಗಿ ಇದಾಳೆ. ತಂಗಿಗೆ ಗಂಡ ಇದಾನೆ. ಗಂಡನ ಹತ್ರ ದೋಣಿ ಇದೆ."

ಈಗ, ಮಾರ್ಚಿ ತಿಂಗಳ ಬೆಳಿಗ್ಗೆ, ಪುಸ್ತಕದ ಹನ್ನೊಂದನೇ ಸಾಲಿನಲ್ಲಿದ್ದ ಜಾಗಕ್ಕೆ ಅವರು ಬಂದು ಸೇರಿದ್ದರು. ಚುಕ್ಕಾಣಿಯಲ್ಲಿ ರಾಯ್ಸ್. ಹಿಂದೆ, ಗುಮ್ಮಟ ಕಟ್ಟಿದ್ದ ಸಣ್ಣ ಕ್ರೇನಿನ ಪಕ್ಕ, ದೋಣಿಯ ಯಜಮಾನ ಹೋಲಿಸ್. ತಳ ತೋರಿಸುವ ಪರದೆಯಲ್ಲಿ ಗೆರೆ ಏಳಲಿಲ್ಲ, ಬೀಳಲಿಲ್ಲ.

"ಇಲ್ಲೇನೂ ಇಲ್ಲ," ಎಂದ ರಾಯ್ಸ್. "ತಳ ಹೋಲಿಸ್‌ನ ಬೋಳುತಲೆ ಇದ್ದಂಗಿದೆ."

"ಇನ್ನೊಂದ್ ಸುತ್ತು ಹಾಕಯ್ಯ," ಎಂದ ಹೋಲಿಸ್. "ಬಿರುಗಾಳಿ ಎಳ್ಕೊಂಡ್ ಹೋಗಿರ್ಬೋದು."

"ಬಸ್ಸನ್ನ?"

"ನಮ್ಮಮ್ಮನ ಮನೇನೇ ಎಳ್ಕೊಂಡ್ ಹೋಯ್ತಲ್ಲ, ಬಸ್ಸೇನು ಮಹಾ."

ಆರ್ವೆಲ್ಲಾ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ಓದಿದಳು. ವರ್ಲನ್‌ನ ಕೈಬರಹವೇ. ಅನುಮಾನವಿಲ್ಲ.

"ಸುಳ್ಳು ಬರ್ದಿದಾನೆ ಕಣೇ," ಎಂದ ರಾಯ್ಸ್. "ಪುಸ್ತಕ ಯಾರಾದ್ರೂ ಕದ್ರೆ ಅಂತ ಎಲ್ರೂ ಹಂಗೇ ಬರಿಯೋದು. ನಿಜವಾದ ಜಾಗ ಸಿಗ್ಬೇಕಂದ್ರೆ ಕೊನೆ ಅಂಕಿಗಳಿಗೆ ಏನೋ ಒಂದು ಕೂಡಿಸ್ಬೇಕು, ಇಲ್ಲಾ ಕಳೀಬೇಕು. ನಾನು ಇಪ್ಪತ್ತೇಳು ಕೂಡಿಸ್ತೀನಿ."

"ಇಪ್ಪತ್ತೇಳಾ?" ಹೋಲಿಸ್ ಕತ್ತು ಉದ್ದ ಮಾಡಿದ.

"ಇಪ್ಪತ್ತೇಳಲ್ಲ. ಸುಮ್ನೆ ಹೇಳ್ದೆ."

"ವರ್ಲನ್ ಎಷ್ಟು ಕೂಡಿಸ್ತಿದ್ದ?" ಎಂದು ಆರ್ವೆಲ್ಲಾ ಕೇಳಿದಳು.

"ನಿಂಗೇ ಗೊತ್ತಿಲ್ಲ ಅಂದ್ರೆ ನಂಗೇನ್ ಗೊತ್ತು? ನಿಮ್ಮ ಮದುವೆ ತಾರೀಕು ಇರ್ಬೋದಾ?"

"ಅದು ಅವನಿಗೆ ಒಂದು ವರ್ಷನೂ ನೆನಪಿರ್ಲಿಲ್ಲ."

ಆದರೂ ಕೂಡಿಸಿ ನೋಡಿದರು. ಮರಳು. ಅವಳ ಹುಟ್ಟಿದ ದಿನ ಕೂಡಿಸಿದರು. ಮರಳು. ಸತ್ತ ನಾಯಿಯ ವಯಸ್ಸು ಕಳೆದರು. ಆಗಲೂ ಮರಳೇ. ವರ್ಲನ್‌ನ ಮೊದಲ ದೋಣಿಯ ಉದ್ದ ಮೂವತ್ತೊಂದು ಅಡಿ. ಅದನ್ನು ಕಳೆದು ಹೋದಾಗ ಪರದೆಯ ಗೆರೆ ಗಕ್ಕನೆ ಮೇಲೆದ್ದಿತು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಮೀನು.

"ಸಿಕ್ತು!" ಎಂದು ರಾಯ್ಸ್ ಕೂಗಿ, ಗಾಳ ಬಿಟ್ಟು, ಒಂದು ಕೆಂಬೇರಿಯನ್ನೂ ಎಳೆದ. ಹಿಡಿಯುವ ಕಾಲವಲ್ಲ, ತಿರುಗಿಸಿ ಮುರುಗಿಸಿ ನೋಡಿ ನೀರಿಗೆ ಬಿಟ್ಟ.

ಆರ್ವೆಲ್ಲಾಳ ಎದೆ ಹಗುರಾಯಿತು. ಆದರೆ ಹೋಲಿಸ್ ತಲೆ ಕೆರೆದುಕೊಳ್ಳುತ್ತಿದ್ದ. ಮದುವೆಯಾದವಳನ್ನೂ ಗೌರವಕ್ಕೆ ಮಿಸ್ ಎನ್ನುವುದು ಆ ಕಡೆಯ ರೂಢಿ.

"ಮಿಸ್ ಆರ್ವೆಲ್ಲಾ, ಒಂದ್ ಮಾತು. ಇದು ವರ್ಲನ್ನಂದೇ ಅಂತ ಹೇಗೆ? ಮೀನಿನ ಮೈಮೇಲೆ ಹೆಸರು ಬರ್ದಿರುತ್ತಾ? ಈ ಕಡಲಲ್ಲಿ ಇಂಥಾ ದಿಬ್ಬ ಸಾವಿರ ಇದಾವೆ. ಇನ್ಯಾವನದೋ ಆಗಿದ್ರೆ? ಅವನು ಮೀನು ಹಿಡಿಯೋಕೆ ಬಂದು ಗಾಳ ಬಿಟ್ಟಾಗೆಲ್ಲ ವರ್ಲನ್ ತಲೆ ಮೇಲೇ ಬೀಳುತ್ತೆ."

"ಕಂಡೋರ ದಿಬ್ಬದ ಮೇಲೆ ಕೂತ ಅಂತ ವರ್ಲನ್‌ಗೆ ಕೆಟ್ಟ ಹೆಸರು ಬೇರೆ," ಎಂದು ರಾಯ್ಸ್ ಗೊಣಗಿ, ಇದ್ದಕ್ಕಿದ್ದಂತೆ ತಿರುಗಿದ. "ಇರು, ಇರು. ಅವನು ಹನ್ನೊಂದು ಅಂದಾಗ ಕೋಣೇಲಿ ಬೇರೆ ಯಾರಿದ್ರು?"

"ಯಾರೂ ಇಲ್ಲ. ನರ್ಸು ಇದ್ಲು."

"ಯಾವ ನರ್ಸು?"

"ಟ್ವೈಲಾ. ಆ ಕೆಂಚುಗೂದಲಿನ ಹುಡುಗಿ."

ರಾಯ್ಸ್ ಹಣೆ ಹಣೆ ಚಚ್ಚಿಕೊಂಡ. "ಅವಳ ಗಂಡ ದೋಣಿ ಇಟ್ಟಿಲ್ವೇನೇ! ಅವಳ ಮುಂದೆ ವರ್ಲನ್ ನಿಜ ಹೇಳ್ತಾನಾ? ಯೇಸು ಬಂದು ಕೇಳಿದ್ರೂ ಒಂದ್ ಅಂಕಿ ತಿರುಗಿಸೇ ಹೇಳ್ತಿದ್ದ. ಹನ್ನೊಂದು ಅಂದ್ರೆ ಹನ್ನೊಂದು ಬಿಟ್ಟು ಇನ್ಯಾವುದೋ."

ಆರ್ವೆಲ್ಲಾ ಮಂಜುಗಡ್ಡೆ ಪೆಟ್ಟಿಗೆಯ ಮೇಲೆ ಕೂತಳು. ಕೈಯನ್ನು ಎರಡು ಸಲ ಅದುಮಿದ್ದು ಯಾಕೆ? ನೆನಪಿಟ್ಟುಕೋ ಎಂದೋ? ಇದನ್ನು ನಂಬಬೇಡ, ನಿನಗೆ ಗೊತ್ತಲ್ಲ ಎಂದೋ? ಅಥವಾ ನೋವಿಗೆ ಸುಮ್ಮನೆ ಅದುಮಿದನೋ? ಅವಳಿಗೆ ಏನು ಗೊತ್ತಿತ್ತು? ಅವನಿಗೆ ಸಾಸಿವೆ ಸೊಪ್ಪು ಸೇರದು, ಎಡಗಿವಿ ಮಂದ, ನಿದ್ದೆಯಲ್ಲಿ ಬೈಯುತ್ತಾನೆ. ಎಲ್ಲ ಗೊತ್ತಿತ್ತು. ಕೂಡಿಸುವುದೋ ಕಳೆಯುವುದೋ ಎಂಬುದೊಂದು ಗೊತ್ತಿರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂದರೆ ಕೊಟ್ಟದ್ದು ಯಾವ ಮಾತು ಎಂಬುದಾದರೂ ತಿಳಿಯಬೇಡವೇ?

ದಕ್ಷಿಣದಿಂದ ಗಾಳಿ ಎದ್ದಿತು. ಅಲೆಗೆ ದೋಣಿ ಹೊರಳಿದಾಗ ಗುಮ್ಮಟ ಕಟ್ಟಿದ ಸರಪಣಿ ಕಿರುಗುಟ್ಟಿತು.

"ಇಳಿಸೋದಾದ್ರೆ ಈಗ್ಲೇ, ಮಿಸ್ ಆರ್ವೆಲ್ಲಾ," ಎಂದ ಹೋಲಿಸ್. "ಇಲ್ಲಾಂದ್ರೆ ವಾಪಸ್ ಹೋಗೋಣ. ಈ ಭಾರ ಇಟ್ಕೊಂಡು ಅಲೇಲಿ ನಿಲ್ಲೋಕಾಗಲ್ಲ."

"ವಾಪಸ್ ಹೋಗಿ?"

"ನಮ್ಮ ಹಿತ್ತಲಲ್ಲೇ ಇರ್ಲಿ," ಎಂದ ರಾಯ್ಸ್. "ನಿಧಾನವಾಗಿ ಲೆಕ್ಕ ಹಾಕೋಣ."

ಅವನ ಹಿತ್ತಿಲಲ್ಲಿ ಗುಮ್ಮಟ ನಿಂತಿದ್ದ ಮೂರು ವಾರ ಬೆಕ್ಕು ಅದರೊಳಗೆ ಮರಿ ಹಾಕಲು ನೋಡಿದ್ದು ಆರ್ವೆಲ್ಲಾಳಿಗೆ ಗೊತ್ತಿತ್ತು. ಅವಳು ಎದ್ದು ನಿಂತಳು.

"ಪುಸ್ತಕದ ಜಾಗಕ್ಕೇ ನಡಿ."

"ಅಲ್ಲಿ ಬರೀ ಮರಳು ಕಣೇ."

"ಮರಳೇ ಇರ್ಲಿ. ಬರ್ದೋನು ಅವನು. ಬಾಯಲ್ಲಿ ಹೇಳಿದ್ದೂ ಅದನ್ನೇ. ಮಿಕ್ಕಿದ್ದೆಲ್ಲ ನೀವಿಬ್ರೂ ಕೂಡಿಸಿ ಕಳ್ದಿದ್ದು."

"ಅವನು ಸುಳ್ಳು ಹೇಳಿದ್ರೆ?"

"ಹೇಳಿದ್ರೆ ಹೋಗಿ ಅಲ್ಲೇ ಕೂತ್ಕೊಳ್ಲಿ. ಸುಳ್ಳು ಹೇಳು ಅಂತ ನಾನೇನ್ ಹೇಳಿದ್ನಾ?"

ರಾಯ್ಸ್ ದೋಣಿ ತಿರುಗಿಸಿದ.

ಪುಸ್ತಕದ ಜಾಗದಲ್ಲಿ ಹೋಲಿಸ್ ಕ್ರೇನಿನಿಂದ ಗುಮ್ಮಟವನ್ನು ಎತ್ತಿ ಇಳಿಬಿಟ್ಟ. ತೂತುಗಳಿಂದ ಗುಳುಗುಳು ಗುಳ್ಳೆ ಎದ್ದವು. ಹಗ್ಗ ಸಡಿಲಾಯಿತು. ಬೋಳಾಗಿದ್ದ ಪರದೆಯಲ್ಲಿ ಒಂದು ಸಣ್ಣ ಉಬ್ಬು ಮೂಡಿತು.

ಮಾತು ಉಳಿಯಿತೋ ಮುರಿಯಿತೋ, ಆರ್ವೆಲ್ಲಾಳಿಗೆ ತಿಳಿಯಲಿಲ್ಲ. ಎಂಜಿನ್ ನಿಲ್ಲಿಸು, ಎರಡು ಮಾತು ಆಡಬೇಕು ಎಂದಳು. ರಾಯ್ಸ್ ನಿಲ್ಲಿಸಿದ. ಅಷ್ಟರಲ್ಲಿ ಗಾಳಿಗೆ ದೋಣಿ ಒಂದು ಸುತ್ತು ತಿರುಗಿಬಿಟ್ಟಿತ್ತು.

"ಯಾವ ಕಡೆ ಅವನು?"

"ಅಲ್ಲಿ," ಎಂದು ರಾಯ್ಸ್ ದೋಣಿಯ ಮೂತಿಯ ಕಡೆ ಕೈ ತೋರಿಸಿದ.

"ಏ, ಅಲ್ಲಲ್ಲ, ಇಲ್ಲಿ," ಎಂದು ಹೋಲಿಸ್ ಹಿಂದಕ್ಕೆ ತೋರಿಸಿದ.

ನೀರು ಎಲ್ಲ ಕಡೆಯೂ ಒಂದೇ ಬಣ್ಣಕ್ಕಿತ್ತು. ಆರ್ವೆಲ್ಲಾ ಇಬ್ಬರ ಬೆರಳನ್ನೂ ನೋಡಿದಳು. ಆಮೇಲೆ ದೋಣಿಯ ಅಂಚಿಗೆ ಸೊಂಟ ಆನಿಸಿ ಬಗ್ಗಿ, ಎದುರಿಗೆ ಯಾವ ನೀರಿತ್ತೋ ಅದಕ್ಕೇ ಕೇಳಿದಳು:

"ಇಷ್ಟು ದೂರ ಬಂದಿದೀನಿ, ವರ್ಲನ್. ಇದೇ ತಾನೇ?"