ಬಾಯಿಬಿಟ್ಟು ಹೊಡೆದ ಏಟು

ಗಾಳಿಗೆ ಹೊಡೆಯುವುದರಲ್ಲಿ ನನ್ನ ಗಂಡ ಬಾಲರಾಜನನ್ನು ಮೀರಿಸುವವರು ಚಳ್ಳಕೆರೆ ತಾಲ್ಲೂಕಿನಲ್ಲೇ ಇಲ್ಲ. ಗಾಲ್ಫ್ ಕೋಲು ಹೆಗಲ ಹಿಂದಕ್ಕೆ ಹೋಗುವುದೇನು, ಸೊಂಟ ತಿರುಗುವುದೇನು, ಸುಂಯ್ ಎಂದು ಇಳಿದು ಇನ್ನೊಂದು ಹೆಗಲ ಮೇಲೆ ಹೋಗಿ ಕೂರುವುದೇನು! ತೊಂದರೆ ಒಂದೇ. ಎದುರಿಗೆ ಚೆಂಡು ಇಟ್ಟರೆ ಅದೇ ಮನುಷ್ಯ ಹಾವು ಕಂಡವನ ಹಾಗೆ ಬಿಗಿದುಕೊಳ್ಳುತ್ತಿದ್ದ. ಕೋಲು ಚೆಂಡಿನ ಮೇಲೆ ಹಾದುಹೋಗುತ್ತಿತ್ತು, ಇಲ್ಲವೇ ಅದರ ಹಿಂದಿನ ನೆಲವನ್ನು ಅಗೆಯುತ್ತಿತ್ತು. ಹಾಗೆ ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಮತ್ತೆ ಜಾಗಕ್ಕೆ ಕೂರಿಸಿ ನೀರು ಹಾಕುವವಳು ನಾನು. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ನಮ್ಮ ಕಡೆಯ ಹುಲ್ಲುಗಾವಲಾದ ದೊಡ್ಡಉಳ್ಳಾರ್ತಿ ಕಾವಲಿನ ಮಗ್ಗುಲಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಎದ್ದ ಮೇಲೆ, ಅಲ್ಲಿಗೆ ಬಂದವರಿಗೆ ಆಡಲು ಒಂದು ಗಾಲ್ಫ್ ಮೈದಾನವೂ ಆಯಿತು. ಬಾಲರಾಜ ಅಲ್ಲಿ ಹುಲ್ಲು ಕತ್ತರಿಸಿ ಚೆಂಡು ಆರಿಸುವ ಕೆಲಸಕ್ಕೆ ಸೇರಿದ. ನಾನು ಕಳೆ ಕೀಳಲು ಹೋದೆ. ಕಾವಲಿನಲ್ಲಿ ಕುರಿ ಮೇಯಿಸಿಕೊಂಡೇ ಬದುಕಿದ ನಮ್ಮ ಮಾವ ದೊಡ್ಡೀರಪ್ಪನವರಿಗೆ ಇದು ಸಹಿಸಲಾಗಲಿಲ್ಲ. "ಮಗ ಕುರಿ ಬಿಟ್ಟು ಮೊಟ್ಟೆ ಹೊಡೆಯಾಕೆ ಹೋದ" ಎಂದು ಊರಿಗೆಲ್ಲ ಹೇಳಿ, ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟರು.

ಮಾತು ಬಿಟ್ಟರು ಎಂದರೆ ಸುಮ್ಮನಾದರು ಎಂದಲ್ಲ. ಎಲ್ಲವೂ ನನ್ನ ತಲೆಯ ಮೇಲಿಂದ ಹೋಗುತ್ತಿತ್ತು. ಮಗ ಮಗ್ಗುಲಲ್ಲೇ ಕೂತಿರುತ್ತಿದ್ದ. "ಗಂಗೀ, ನಿನ್ನ ಗಂಡಂಗೆ ಹೇಳು, ಮುದ್ದೆ ಆರ್ತೈತೆ ಅಂತ." ಅವನು ನನ್ನ ಕಡೆ ತಿರುಗಿ, "ನಿಮ್ಮ ಮಾವಂಗೆ ಹೇಳು, ಉಣ್ತಾ ಇದೀನಿ ಅಂತ." ನಾನು ಇಬ್ಬರ ನಡುವೆ ಸಾರಿನ ಸೌಟು ಹಿಡಿದು ನಿಂತಿರುತ್ತಿದ್ದೆ. ಮೊಳಕಾಲ್ಮೂರು ಗಡಿಯ ಕಡೆಯಿಂದ ಬಂದ ನಮ್ಮತ್ತೆ ಪಾತಮ್ಮ ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾರೆ. "ಇಂತ ಪಂತಮಾ ಮೀಕು?" ಎಂದು ಗಂಡನನ್ನು ಕೇಳುತ್ತಿದ್ದರು. ಇಷ್ಟು ಹಟವೇ ಎಂದು. ಮಾವನವರು, "ನನ್ನ ಮನೇಲಿ ತೆಲುಗು ಆಡ್ಬೇಡ" ಎನ್ನುತ್ತಿದ್ದರು. ಮದುವೆಯಾದಾಗಿನಿಂದಲೂ ಹಾಗೇ ಅನ್ನುತ್ತಿದ್ದಾರಂತೆ.

ಮೈದಾನದ ಕಾರ್ಯದರ್ಶಿ ವಿಶ್ವನಾಥ್ ಸಾಹೇಬರು ಒಂದು ದಿನ ದೂರದಿಂದ ಬಾಲರಾಜ ಗಾಳಿಗೆ ಹೊಡೆಯುವುದನ್ನು ಕಂಡು ಮರುಳಾಗಿಬಿಟ್ಟರು. ಹತ್ತಿರ ಕರೆದು ಹೇಳಿದರು: "ಹೊಸಬರಿಗೆ ಕಲಿಸೋಕೆ ಒಬ್ಬ ಬೇಕು. ಭಾನುವಾರ ಎಲ್ಲರ ಎದುರು ಚೆಂಡಿಟ್ಟು ಒಂದು ಹೊಡೆತ ಹೀಗೇ ಹೊಡೆದು ತೋರಿಸು. ಕೆಲಸ ಕಾಯಂ. ಆಗಲಿಲ್ಲ ಅಂದ್ರೆ ಮಳೆಗಾಲ ಆದಮೇಲೆ ಚೆಂಡು ಆರಿಸೋರನ್ನ ಇಟ್ಕೊಳ್ತೀವೋ ಇಲ್ವೋ ನಾನು ಹೇಳಲಾರೆ."

ಕೆಲಸ ಹೋದರೆ ಅವನು ಮತ್ತೆ ಅಪ್ಪನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಆಗಲೂ ಆ ಮನುಷ್ಯ ಬೈಯುವುದಿಲ್ಲ, ಬೈಗುಳವನ್ನೂ ನನ್ನ ಕೈಯಲ್ಲೇ ಕಳಿಸುತ್ತಾರೆ. ಇದನ್ನು ನೆನೆಸಿಕೊಂಡೇ ನನ್ನ ಗಂಡನಿಗೆ ಊಟ ಸೇರದೆ ಹೋಯಿತು.

ಅವತ್ತಿನಿಂದ ಸಂಜೆ ಹಿತ್ತಲಲ್ಲಿ ಕೋಲು ಬೀಸುವುದೇ ಬೀಸುವುದು. ಅವನು ಬೀಸಲು ಶುರುಮಾಡಿದರೆ ಪಕ್ಕದ ರೊಪ್ಪದಲ್ಲಿ ಮಲಗಿದ್ದ ಕುರಿಗಳೆಲ್ಲ ದಡಬಡ ಎದ್ದು ಬೇಲಿಗೆ ಒತ್ತಿಕೊಂಡು ನಿಲ್ಲುತ್ತಿದ್ದವು. "ಗಂಗೀ, ನಿನ್ನ ಗಂಡಂಗೆ ಹೇಳು, ಕುರಿ ಮಲಗಾಕೆ ಬಿಡು ಅಂತ" ಎಂದು ಜಗಲಿಯಿಂದ ಹುಕುಂ ಬಂತು. ಹೇಳೋಣವೆಂದು ಹಿತ್ತಲಿಗೆ ಹೋದವಳು ಅಲ್ಲೇ ನಿಂತೆ. ನನ್ನ ಗಂಡ ಸುಮ್ಮನೆ ಬೀಸುತ್ತಿರಲಿಲ್ಲ. ಕೋಲು ಮೇಲೇರುವಾಗ "ಡುರ್ರ್ರೋ..." ಎಂದು ಗಂಟಲಲ್ಲಿ ಎಳೆಯುತ್ತಿದ್ದ, ಕೆಳಗಿಳಿಯುವಾಗ "ಹ್ಹಾ!" ಎಂದು ಬಿಡುತ್ತಿದ್ದ. ಅದು ಅವನ ಮುತ್ತಜ್ಜ ಕಟ್ಟಿದ ಕೂಗು. ನಮ್ಮ ಮನೆಯ ಕುರಿ ಎಲ್ಲಿದ್ದರೂ ಆ ಕೂಗಿಗೆ ತಿರುಗಿ ಬರುತ್ತವೆ. ಚಿಕ್ಕಂದಿನಲ್ಲಿ ಕೋಲು ಬೀಸುತ್ತಾ ಕೂಗಿದವನಿಗೆ ಕೈಗೂ ಬಾಯಿಗೂ ಗಂಟುಬಿದ್ದು ಹೋಗಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ.

ನಾನು ಒಂದು ಈರುಳ್ಳಿ ತಂದು ಅವನ ಮುಂದಿಟ್ಟೆ. "ಇದನ್ನ ಬಾಯಿ ಮುಚ್ಕೊಂಡು ಹೊಡಿ."

ಹೊಡೆದ. ಮಣ್ಣು ಹಾರಿತು, ಈರುಳ್ಳಿ ಮಿಸುಕಲಿಲ್ಲ. "ಈ ನೆಲಾನೇ ಸರಿ ಇಲ್ಲ ಕಣೇ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಈಗ ಕೂಗ್ಕೊಂಡು ಹೊಡಿ."

"ಡುರ್ರ್ರೋ... ಹ್ಹಾ!" ಈರುಳ್ಳಿ ಬೇಲಿ ದಾಟಿ ಹೋಗಿ ಪಕ್ಕದ ಮನೆ ಹುಚ್ಚಕ್ಕನ ತಗಡಿನ ಮಾಡಿನ ಮೇಲೆ ಢಣ್ ಎಂದು ಬಿತ್ತು. "ಯಾವನ್ಲೇ ಅವನು?" ಎಂದು ಹುಚ್ಚಕ್ಕ ಶುರುಮಾಡಿದವಳು ದೀಪ ಹಚ್ಚುವವರೆಗೂ ನಿಲ್ಲಿಸಲಿಲ್ಲ. ನಾವಿಬ್ಬರೂ ಒಲೆಯ ಹಿಂದೆ ಅಡಗಿ ಕೂತು ನಕ್ಕೆವು. ಆಮೇಲೆ ಅವನ ಮುಖ ಬಾಡಿತು.

"ಅಲ್ಲಿ ಹೊಡೆಯೋವಾಗ ಯಾರೂ ಉಸಿರೂ ಬಿಡೋಹಂಗಿಲ್ಲ ಗಂಗೀ. ಮೌನವಾಗಿರಿ ಅಂತ ಬೋರ್ಡೇ ಹಾಕವ್ರೆ. ಕೂಗಿದ್ರೆ ಓಡಿಸ್ತಾರೆ."

"ಬಾಯಿ ಮುಚ್ಕೊಂಡು ಹೊಡೆದ್ರೂ ಓಡಿಸ್ತಾರೆ" ಎಂದೆ.

ಭಾನುವಾರ ಬೆಳಿಗ್ಗೆ ಬಿಳಿ ಟೋಪಿ ಹಾಕಿಕೊಂಡ ಸದಸ್ಯರೆಲ್ಲ ಸೇರಿದರು. ಕಾರುಗಳು ಬರುತ್ತಲೇ ಇದ್ದುದರಿಂದ ಗೇಟು ಹಾರುಹೊಡೆದಿತ್ತು. ನಾನು ಸ್ವಲ್ಪ ದೂರದಲ್ಲಿ ಕಳೆ ಕೀಳುವ ನೆಪದಲ್ಲಿ ಒಳ್ಳೆ ಹುಲ್ಲನ್ನೇ ಕೀಳುತ್ತಿದ್ದೆ. ಬಾಲರಾಜ ಮೊದಲು ಯಾರಿಗೂ ಕೇಳದ ಹಾಗೆ ಗಂಟಲಲ್ಲೇ ಗುನುಗಿಕೊಂಡು ಗಾಳಿಗೆ ಬೀಸಿದ. ಎಲ್ಲರೂ ಆಹಾ ಎಂದರು. ಚೆಂಡು ಇಟ್ಟರು. ತುಟಿ ಕಚ್ಚಿಕೊಂಡು ಬೀಸಿದ. ಮಣ್ಣು ಸಾಹೇಬರ ಬಿಳಿ ಬೂಟಿನ ಮೇಲೆ ಬಿತ್ತು. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಒಳ್ಳೆಯವರು, ಬೂಟು ಒರೆಸಿಕೊಂಡು, "ಇರಲಿ, ಇನ್ನೊಂದು ಸಲ. ಇದೇ ಕೊನೇದು" ಎಂದರು.

ಅವನು ಮತ್ತೆ ತುಟಿ ಕಚ್ಚಿಕೊಂಡದ್ದು ನನಗೆ ಅಲ್ಲಿಂದಲೇ ಕಾಣಿಸಿತು. ಕುಡುಗೋಲು ಬಿಸಾಕಿ ಎದ್ದು ನಿಂತವಳೇ ಆ ‘ಮೌನವಾಗಿರಿ’ ಬೋರ್ಡಿನ ಪಕ್ಕದಿಂದಲೇ ಕಿರುಚಿದೆ: "ಬಾಯಿಬಿಟ್ಟು ಹೊಡಿಯೋ!"

ಎಲ್ಲ ಟೋಪಿಗಳೂ ನನ್ನ ಕಡೆ ತಿರುಗಿದವು. ಅವನು ಮಾತ್ರ ತಿರುಗಲಿಲ್ಲ. ಕೋಲು ಮೇಲೇರಿತು. "ಡುರ್ರ್ರ್ರೋ... ಹ್ಹಾ!"

ಟಕ್ ಎಂಬ ಶಬ್ದ ಎಷ್ಟು ಶುದ್ಧವಾಗಿತ್ತೆಂದರೆ, ನನಗೆ ಈಗಲೂ ಅದು ಕಿವಿಯಲ್ಲಿದೆ. ಚೆಂಡು ನೆಟ್ಟಗೆ ಹೋಗಿ ಬಾವುಟದ ಕಡ್ಡಿಯ ಪಕ್ಕದಲ್ಲೇ ಬಿತ್ತು. ಸಾಹೇಬರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಗೇಟಿನ ಕಡೆ ಧೂಳೆದ್ದಿತ್ತು.

ಮೊದಲು ಗಂಟೆ ಕಟ್ಟಿದ ಟಗರು ಬಂತು, ಅದರ ಹಿಂದೆ ನಮ್ಮ ಮನೆಯ ಹಿಂಡು ಪೂರ್ತಿ. ಹುಲ್ಲು ಕಂಡರೂ ನಿಲ್ಲದೆ ಬಂದು ಬಾಲರಾಜನ ಸುತ್ತ ಸೇರಿಕೊಂಡವು, ಆಮೇಲೆ ನಿಧಾನವಾಗಿ ಬಾಯಿ ಕೆಳಗೆ ಹಾಕಿದವು. ಬಾವುಟದ ಹತ್ತಿರ ಹೋದ ಒಂದು ಮರಿ ಚೆಂಡನ್ನು ಮೂಸಿ, ತನ್ನದೂ ಒಂದಷ್ಟು ಉದುರಿಸಿತು. ಎಲ್ಲದರ ಹಿಂದೆ ಕಂಬಳಿ ಹೊದ್ದು, ಏದುಸಿರು ಬಿಡುತ್ತಾ ನಮ್ಮ ಮಾವ.

"ಯಾರವು ಈ ಕುರಿಗಳು?" ಸಾಹೇಬರು ಕೇಳಿದರು.

"ನಮ್ಮವೇ ಸರ್. ಕರೆದಿದ್ದೂ ನಾನೇ" ಎಂದ ಬಾಲರಾಜ.

ಅವನು ಎಲ್ಲವನ್ನೂ ಹೇಳಿದ. ಸಾಹೇಬರು ಬಾವುಟದ ಪಕ್ಕದ ಚೆಂಡನ್ನೊಮ್ಮೆ, ಕುರಿಗಳನ್ನೊಮ್ಮೆ ನೋಡಿದರು. "ಈ ಹೊಡೆತ ಬಿಡೋಕೆ ಮನಸ್ಸಿಲ್ಲ. ಕೂಗಿದ್ರೂ ಸದಸ್ಯರನ್ನ ನಾನು ಒಪ್ಪಿಸ್ತೀನಿ. ಆದ್ರೆ ಕೂಗಿದಾಗಲೆಲ್ಲ ಕುರಿ ಬಂದ್ರೆ ಹುಲ್ಲು ಉಳಿಯಲ್ಲಪ್ಪ."

"ಅವಕ್ಕೆ ಬೇರೆ ಕೂಗು ಗೊತ್ತಿಲ್ಲ ಸರ್. ಮೇಯಾಕೆ ಈ ಕಾವಲು ಬಿಟ್ರೆ ಬೇರೆ ಜಾಗನೂ ಇಲ್ಲ" ಎಂದು ಬಾಲರಾಜ ಬಗ್ಗಿ ಕೋಲನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟ.

ಮಾವನವರು ಆ ಕೋಲನ್ನೇ ನೋಡುತ್ತಾ ನಿಂತರು. ರೂಢಿಯಂತೆ ನನ್ನ ಕಡೆ ತಿರುಗಿದರು. "ಗಂಗೀ, ನಿನ್ನ ಗಂಡಂಗೆ..." ಎಂದವರು ಅಲ್ಲಿಗೆ ನಿಲ್ಲಿಸಿದರು. ಕಂಬಳಿ ಸರಿಮಾಡಿಕೊಂಡು ಮಗನ ಹತ್ತಿರ ಹೋದರು.

"ಕೋಲು ಎತ್ಕೊಳ್ಳಲೇ. ಕೂಗು ನೀನಿಟ್ಕೋ. ಕುರಿಗೆ ನಾನು ಬೇರೆ ಕಲಿಸ್ತೀನಿ."

ಮುತ್ತಜ್ಜನ ಕೂಗನ್ನು ಆ ಮನುಷ್ಯ ಹಾಗೆ ಬಿಟ್ಟುಕೊಟ್ಟಾಗ ನನಗೆ ಅಳು ಬಂತು. ಬಾಲರಾಜ ಅಪ್ಪನ ಮುಖ ನೋಡಲಾಗದೆ ಟಗರಿನ ಕೊಂಬು ಸವರುತ್ತಾ ನಿಂತಿದ್ದ.

ಹೊಸ ಕೂಗನ್ನು ಕೊಟ್ಟವರು ನಮ್ಮತ್ತೆ. "ರಾವಮ್ಮಾ... ರಾ!" ಬಾರಮ್ಮಾ ಬಾ ಎಂದು. ಬೇರೆ ಯಾರ ಹಿಂಡಿಗೂ ಇಲ್ಲದ್ದು ಬೇಕಿತ್ತು, ಇದ್ದದ್ದು ತೆಲುಗೊಂದೇ. ಮನೆಯಲ್ಲಿ ತೆಲುಗು ಬೇಡ ಎಂದಿದ್ದ ಮಾವನವರು ಈಗ ದಿನಾ ಸಂಜೆ ಜಗಲಿಯ ಮೇಲೆ ಕೂತು ಅತ್ತೆಯ ಮುಂದೆ ಪಾಠ ಒಪ್ಪಿಸುತ್ತಾರೆ. "ರಾವಮ್ಮಾ... ರಾ!" ಎಷ್ಟು ಚೆಂದ ಎಳೆಯುತ್ತಾರೆಂದರೆ ಅತ್ತೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಾಚುತ್ತಾರೆ.

ಆದರೆ ಕಾವಲಿಗೆ ಹೋಗಿ ಕುರಿ ಎದುರು ನಿಂತರೆ ಮುಗಿಯಿತು. ಬಾಯಿ ತೆರೆದ ಕೂಡಲೇ ಮಾವನವರಿಂದ ಹೊರಡುವುದು ಹಳೇ ಕೂಗೇ, ಮೈದಾನದಲ್ಲಿರುವ ನಮಗೆ ಗೋಡೆಯಾಚೆಯಿಂದ "ಡುರ್ರ್ರೋ... ಹ್ಹಾ!" ಕೇಳುತ್ತದೆ. ಇತ್ತ ಹೊಸಬರಿಗೆ ಕಲಿಸುತ್ತಿರುವ ಬಾಲರಾಜನ ಕೋಲು ತಾನಾಗೇ ಮೇಲೇರುತ್ತದೆ.

ಮೊನ್ನೆ ಉಣ್ಣುವಾಗ ನನ್ನ ಗಂಡ ಮೇಷ್ಟ್ರ ಗತ್ತಿನಲ್ಲಿ ಹೇಳಿದ: "ಅಪ್ಪಾ, ಮನೇಲಿ ಕೂಗಿದಂಗೇ ಅಲ್ಲೂ ಕೂಗು. ಅಷ್ಟೇ."

ಮಾವನವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ನಾನು ಸೌಟು ಹಿಡಿದು ಸಿದ್ಧಳಾದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಅದು ಅಷ್ಟು ಸಲೀಸಾಗಿದ್ರೆ," ಎಂದರು ಮಗನಿಗೆ, "ನೀನ್ಯಾಕಲೇ ಅಷ್ಟು ದಿನ ನೆಲ ಅಗೀತಿದ್ದೆ?"