ಬಾತಿ ರಸ್ತೆಯ ಅಜ್ಜಯ್ಯ

ನನ್ನ ತಮ್ಮ ದೇವರಾಗಿದ್ದಾನೆ ಎಂದರೆ ಯಾರೂ ನಂಬುವುದಿಲ್ಲ. ನಂಬಬೇಡಿ, ನಾನೂ ನಂಬಿದವಳಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯಲ್ಲಿ, ಬಾತಿ ದಾಟಿದ ಮೇಲೆ ಒಂದು ತಗಡಿನ ಚಪ್ಪರ ಸಿಗುತ್ತದೆ. ಅದರ ಕೆಳಗೆ ಬೆಳ್ಳಿ ಕಣ್ಣು ಅಂಟಿಸಿಕೊಂಡು ನಿಂತಿರುವ ಕೆಂಪು ಕಲ್ಲಿಗೆ ಲಾರಿಯವರು ಕಾಯಿ ಒಡೆಯುತ್ತಾರೆ, ಬಸ್ಸಿನವರು ವೇಗ ತಗ್ಗಿಸಿ ಕೈ ಮುಗಿಯುತ್ತಾರೆ. ದಾರಿ ಅಜ್ಜಯ್ಯ ಅಂತ ಅದಕ್ಕೆ ಹೆಸರು. ಈ ಅಜ್ಜಯ್ಯ ಸತ್ತಾಗ ಅವನಿಗೆ ಇಪ್ಪತ್ತೆರಡು ವರ್ಷ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಅವನ ನಿಜವಾದ ಹೆಸರು ಕರಿಬಸವರಾಜ. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ಕೆಲಸಕ್ಕಿದ್ದ. ಪಾಳಿ ಮುಗಿಸಿ ತಲೆತುಂಬ ಅರಳೆ ಮೆತ್ತಿಕೊಂಡು ಬಂದವನು ಅವ್ವನನ್ನು ಅವ್ವ ಎನ್ನದೆ, "ಅನ್ನಪೂರ್ಣಮ್ಮಾರೆ, ಇವತ್ತು ಊಟಕ್ಕೆ ಏನೈತ್ರಿ" ಎಂದು ಖಾನಾವಳಿಯ ಗಿರಾಕಿಯ ಹಾಗೆ ಕೇಳುವನು. ದೇವರು ದಿಂಡರು ಎಂದರೆ ಅವನಿಗೆ ಅಷ್ಟಕ್ಕಷ್ಟೇ. ಅವ್ವ ಹರಕೆ ತೀರಿಸಲು ಕರೆದುಕೊಂಡು ಹೋದರೆ, ಹೊರಗೆ ಚಪ್ಪಲಿ ಕಾಯುತ್ತೇನೆಂದು ನಿಂತುಬಿಡುವನು. ಪ್ರಸಾದ ಹಂಚುವಾಗ ಮಾತ್ರ ಎಲ್ಲರಿಗಿಂತ ಮೊದಲು ಕೈಯೊಡ್ಡುವನು. ಅವ್ವ ಬೈಯುತ್ತಿದ್ದಳು, ಬೈದು ತನ್ನ ಪಾಲಿನ ಕೊಬ್ಬರಿಯನ್ನೂ ಅವನಿಗೇ ಕೊಡುತ್ತಿದ್ದಳು.

ಐವತ್ತೇಳರ ಮಳೆಗಾಲದಲ್ಲಿ ಹರಿಹರದಲ್ಲಿ ಹೊಳೆ ತುಂಬಿ ಬಂದಿದೆ ಎಂದು ಕೇಳಿ, ರಜೆಯ ದಿನ ಸೈಕಲ್ ಹತ್ತಿ ಹೊರಟ. ನನ್ನನ್ನು ಕೊಟ್ಟದ್ದು ಹರಿಹರಕ್ಕೆ. ಹೊಳೆ ನೋಡಿಕೊಂಡು, ನಮ್ಮ ಮನೆಯಲ್ಲಿ ಉಂಡು, ಸಂಜೆಗೆ ವಾಪಸು ಹೋಗುವುದು ಅವನ ಯೋಚನೆ. ಬಾತಿ ದಾಟಿದ ಮೇಲೆ ಹಿಂದಿನಿಂದ ಬಂದ ಲಾರಿಯೊಂದು ಅವನನ್ನು ಕೆಡವಿ, ನಿಲ್ಲದೆ ಹೋಯಿತು. ಯಾರ ಲಾರಿ ಎಂದು ಇವತ್ತಿಗೂ ಗೊತ್ತಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ, ಮೇಲೆ ಮಣ್ಣು. ಮಠದ ಸ್ವಾಮಿಗಳಾದರೆ ಗದ್ದುಗೆ ಕಟ್ಟುತ್ತಾರೆ. ಗಿರಣಿ ಹುಡುಗನಿಗೆ ಯಾರು ಕಟ್ಟುತ್ತಾರೆ? ಎರಡು ಮಳೆಗಾಲ ಕಳೆಯುವಷ್ಟರಲ್ಲಿ ರುದ್ರಭೂಮಿಯಲ್ಲಿ ಅವನು ಯಾವ ಜಾಗದಲ್ಲಿ ಕೂತಿದ್ದಾನೆ ಎಂಬುದೇ ತಿಳಿಯದಂತಾಯಿತು. ಅವ್ವ ಅಲ್ಲಿನ ಹುಲ್ಲಿನಲ್ಲಿ ಸುತ್ತಿ ಸುತ್ತಿ ಸೋತು ಬಂದಳು.

"ನನ್ನ ಮಗಂದು ಒಂದು ಗುರುತು ಬೇಕು ನಾಗು," ಎಂದಳು. "ಹಿಂಗೊಬ್ಬ ಇದ್ದ ಅಂತ ಹೋಗಿ ಬರೋರಿಗೆ ಗೊತ್ತಾಗಬೇಕು. ಅವ ಬಿದ್ದ ಜಾಗದಾಗೇ ಒಂದು ಕಲ್ಲು ನಿಲ್ಲಿಸಾನ."

ಹರಿಹರದಲ್ಲಿ ಗೋರಿಗಳ ಮೇಲೆ ಹೆಸರು ಕೆತ್ತುವ ಜಮಾಲ್ ಸಾಬ್ ಎಂಬುವರಿದ್ದರು. ಅವರಿಗೆ ಹೇಳಿದೆವು. ತಂದೆಯ ಹೆಸರೇನು ಎಂದು ಅವರು ಕೇಳಿದರು. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು.

"ನಂದೇ ಹಾಕ್ರಿ ಸಾಬ್ರೆ," ಎಂದಳು ಅವ್ವ. "ಹೆತ್ತಾಕಿ ನಾನು, ಅತ್ತಾಕಿನೂ ನಾನು."

ಅವರು ನಗಲಿಲ್ಲ, ವಾದಿಸಲೂ ಇಲ್ಲ. 'ಅನ್ನಪೂರ್ಣಮ್ಮನ ಮಗ ಕರಿಬಸವರಾಜ' ಎಂದು ಕೆತ್ತಿಕೊಟ್ಟರು. ಅವ್ವನಿಗೆ ಓದು ಬಾರದು. ಅಕ್ಷರಗಳ ಮೇಲೆ ಬೆರಳಾಡಿಸಿ, ತನ್ನ ಹೆಸರು ಎಲ್ಲಿ ಮುಗಿಯುತ್ತದೆ, ಮಗನ ಹೆಸರು ಎಲ್ಲಿ ಶುರುವಾಗುತ್ತದೆ ಎಂದು ನನ್ನಿಂದ ಕೇಳಿ ಕಲಿತಳು.

ಆಮೇಲೆ ಆದದ್ದು ನಮ್ಮ ಮಂದಿ ಮಾತ್ರ ಮಾಡುವ ತಪ್ಪು. ಕಲ್ಲು ನಿಲ್ಲಿಸಿದ ಮೇಲೆ ಮಗನನ್ನು ಬರಿ ಹಣೆಯಲ್ಲಿ ಬಿಟ್ಟು ಬರಲು ಅವ್ವನಿಗೆ ಮನಸ್ಸಾಗಲಿಲ್ಲ. ಮೂರು ಬೆರಳಿನಿಂದ ವಿಭೂತಿ ಎಳೆದಳು. ಸೋಮವಾರ ಸೋಮವಾರ ಬಸ್ಸಿನಲ್ಲಿ ಬಂದು ದೀಪ ಹಚ್ಚಿದಳು. ವಿಭೂತಿ ಬಳಿದ ಕಲ್ಲು ಕಂಡರೆ ನಮ್ಮವರ ಕೈ ತಾನಾಗಿ ಮೇಲೇಳುತ್ತದೆ. ಯಾರ ಕಲ್ಲು, ಏನು ಬರೆದಿದೆ ಎಂದು ಬಗ್ಗಿ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಒಬ್ಬ ಲಾರಿಯವ ಊದುಬತ್ತಿ ಸಿಕ್ಕಿಸಿದ, ಇನ್ನೊಬ್ಬ ಕುಂಕುಮ ಹಚ್ಚಿದ. "ನೋಡೇ, ಗುರುತು ಪರಿಚಯ ಇಲ್ಲದೋರೂ ನನ್ನ ಮಗನ್ನ ನೆನಸ್ತಾರೆ" ಎಂದು ಅವ್ವ ಹಿಗ್ಗಿದಳು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಕುಂಕುಮದ ಮೇಲೆ ಎಣ್ಣೆ ಬಿತ್ತು, ಎಣ್ಣೆಯ ಮೇಲೆ ಮತ್ತೆ ಕುಂಕುಮ. ಅಕ್ಷರಗಳ ಕುಳಿಗಳೆಲ್ಲ ತುಂಬಿ ಕಲ್ಲು ನುಣ್ಣಗಾಯಿತು. ಎದುರಿಗೆ ಸೈಕಲ್ ಪಂಕ್ಚರ್ ಹಾಕುತ್ತಿದ್ದ ಮೈಲಪ್ಪ ಒಂದು ದಿನ ಪಂಪು ಬಿಟ್ಟು ಗಂಟೆ ಹಿಡಿದ. ಚಪ್ಪರ ಬಂತು, ಬೆಳ್ಳಿ ಕಣ್ಣು ಬಂತು, ಹಿಂದೆಯೇ ಕಥೆಯೂ ಬಂತು. ನೂರು ವರ್ಷದ ಹಿಂದೆ ಎಲ್ಲಿಂದಲೋ ನಡೆದು ಬಂದ ಅಜ್ಜಯ್ಯನೊಬ್ಬ ಇಲ್ಲೇ ಜೀವಂತ ಸಮಾಧಿಯಾದನಂತೆ. ಕೇಳಿದವರೆಲ್ಲ ಹೌದೌದು ಎಂದರು.

ಅರವತ್ಮೂರರ ಒಂದು ಸೋಮವಾರ ಅವ್ವ ಎಂದಿನ ಹಾಗೆ ಕಲ್ಲಿನ ಮೇಲೆ ಕೈಯಿಡಲು ಹೋದಾಗ ಮೈಲಪ್ಪ ಅಡ್ಡ ಬಂದ.

"ಅಲ್ಲೇ ನಿಂತ್ಕಂಡು ಕೈ ಮುಗೀರಿ. ಗಂಡ ಇಲ್ಲದೋರು ಅಜ್ಜಯ್ಯನ್ನ ಮುಟ್ಟಂಗಿಲ್ಲ."

"ಇವ ನನ್ನ ಮಗ ಕಣಪ್ಪ."

"ಹಂಗೆ ಅನ್ನೋ ಭಕ್ತರು ಭಾಳ ಮಂದಿ ಅದಾರವ್ವ. ಮಗ ಅನ್ರಿ, ಅಪ್ಪ ಅನ್ರಿ, ನಿಮ್ಮ ಭಕ್ತಿ. ಮುಟ್ಟಬ್ಯಾಡ್ರಿ, ಅಷ್ಟೇ."

ಅವ್ವ ದಾವಣಗೆರೆಗೆ ತಿರುಗಿ ಹೋಗದೆ ನೇರವಾಗಿ ಹರಿಹರಕ್ಕೆ, ನಮ್ಮ ಮನೆಗೆ ಬಂದಳು. ನೀರನ್ನೂ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆ ಪಂಕ್ಚರ್ ಮೈಲಪ್ಪನ ಜುಟ್ಟು ಹಿಡಿದು ಕೇಳುತ್ತೇನೆ ಎಂದು ಎದ್ದೆ. ಅವ್ವ ಬೇಡವೆಂದಳು.

"ಜಗಳ ಬ್ಯಾಡ. ಕಲ್ಲಿನ ಮ್ಯಾಲೆ ಹೆಸರು ಕಂಡ್ರೆ ಸಾಕು. ನನ್ನ ಹೆಸರೂ ಅಲ್ಲೇ ಐತಲ್ಲ, ಆಮ್ಯಾಲೆ ಯಾರು ನನ್ನ ತಡೀತಾರೆ?"

ಮರುದಿನ ಮಧ್ಯಾಹ್ನ, ಮೈಲಪ್ಪ ಊಟಕ್ಕೆ ಮನೆಗೆ ಹೋಗುವ ಹೊತ್ತು ನೋಡಿಕೊಂಡು, ಒಂದು ಕೊಡ ನೀರು, ತೆಂಗಿನ ನಾರು, ಸೀಗೆಪುಡಿ ಹಿಡಿದು ಹೋದೆವು. ಎಣ್ಣೆ ಜಿಡ್ಡಿಗೆ ಸೀಗೆಪುಡಿಯೇ ಆಗಬೇಕು. ಅವ್ವ ಮಂಡಿಯೂರಿ ಉಜ್ಜತೊಡಗಿದಳು. ಹಬ್ಬದ ದಿನ ಅವನಿಗೆ ಎಣ್ಣೆ ನೀರು ಹಾಕುವಾಗಿನ ಅದೇ ಕೈ, ಅದೇ ರಭಸ. ಬೆಳ್ಳಿ ಕಣ್ಣುಗಳ ಮೇಲೆ ಎಡಗೈ ಅಡ್ಡ ಹಿಡಿದಿದ್ದಳು.

"ಕಣ್ಣು ಮುಚ್ಕಳಪ್ಪ, ಉರೀತೈತೆ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಮುಖ ಆಚೆ ತಿರುಗಿಸಿ ನೀರು ಹೊಯ್ದೆ.

ಕೆಂಪು ನೀರು ಹರಿದು ಹರಿದು, ಕೊನೆಗೆ ಒಂದು ಅಕ್ಷರದ ಅಂಚು ಕಂಡಿತು. ಅವ್ವನ ಬೆರಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. "ಸಿಕ್ಕ ನಾಗು, ಇಲ್ಲೇ ಅದಾನೆ" ಎಂದಳು.

ಅಷ್ಟರಲ್ಲಿ ಹಿಂದೆ ಬಸ್ಸು ನಿಂತು ಹೋದ ಸದ್ದಾಯಿತು. ಕೈಚೀಲದಲ್ಲಿ ಕಾಯಿ, ಕುಂಕುಮ, ಎಣ್ಣೆ ಹಿಡಿದ ಒಬ್ಬ ಹೆಂಗಸು ಇಳಿದು ಬಂದಳು. ವಯಸ್ಸಿನಲ್ಲಿ ಅವ್ವನಿಗಿಂತ ಸ್ವಲ್ಪ ಚಿಕ್ಕವಳು.

"ಅಜ್ಜಯ್ಯಗೆ ಜಳಕ ಮಾಡಸ್ತೀರೇನ್ರಿ? ಎಂಥಾ ಪುಣ್ಯ ನಿಮ್ದು" ಎನ್ನುತ್ತಾ, ನನ್ನ ಕೈಯಿಂದ ಕೊಡ ಇಸಿದುಕೊಂಡು ತಾನೇ ನೀರು ಹೊಯ್ದಳು. ಅವಳ ಹೆಸರು ರಂಗವ್ವ, ಊರು ನಂದಿಗುಡಿ. ಒಬ್ಬನೇ ಮಗ, ಕೆಂಚವೀರಪ್ಪ, ಲಾರಿ ಓಡಿಸುತ್ತಾನೆ. ಆ ದಿನ ಬೆಳಗಿನ ಜಾವವೇ ಪುಣೆಗೆ ಹೊರಟಿದ್ದನಂತೆ.

"ಮೊದಲು ಅವ ಹೋದಾಗೆಲ್ಲ ವಾಪಸ್ ಬರೋ ತಂಕ ನನಗೆ ನಿದ್ದೆ ಇರ್ತಿರಲಿಲ್ರಿ. ಅಜ್ಜಯ್ಯನ ಉಡಿಗೆ ಹಾಕಿದ ಮ್ಯಾಲೆ ಅನ್ನ ಸೇರ್ತೈತೆ, ಕಣ್ಣು ಮುಚ್ತೈತೆ" ಎಂದಳು. ಹೇಳುತ್ತಾ ಹೇಳುತ್ತಾ ಬಗ್ಗಿದವಳು ಕಲ್ಲನ್ನು ದಿಟ್ಟಿಸಿದಳು. "ಇದೇನ್ರಿ, ಏನೋ ಬರೆದಂಗೈತೆ?"

ನಾನು ಬಾಯಿ ತೆರೆದೆ. ಇದು ಯಾವ ಅಜ್ಜಯ್ಯನೂ ಅಲ್ಲ, ಲಾರಿಗೆ ಸಿಕ್ಕು ಸತ್ತ ನನ್ನ ತಮ್ಮ, ತನ್ನನ್ನೇ ಉಳಿಸಿಕೊಳ್ಳಲಾಗದವನು ನಿನ್ನ ಮಗನನ್ನು ಏನು ಕಾಯುತ್ತಾನೆ ಎಂದು ಹೇಳಿಬಿಡಬೇಕೆಂದಿದ್ದೆ. ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ಅವಳ ಕೈ ಸೀಗೆ ನೀರಿನಿಂದ ಜಾರುತ್ತಿತ್ತು, ಆದರೂ ಬಿಡಲಿಲ್ಲ. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ರಂಗವ್ವನ ಮುಖವನ್ನು.

"ಬರವಣಿಗೆ ಅಲ್ಲವ್ವ," ಎಂದಳು. "ಹಳೇ ಕಲ್ಲು. ಸೀಳು ಬಿಟ್ಟೈತೆ."

ರಂಗವ್ವ ತಲೆಯಾಡಿಸಿದಳು. "ನಿಮಗೂ ಗಂಡುಮಕ್ಕಳದಾರೇನ್ರಿ?"

"ಒಬ್ಬ ಇದ್ದ. ಇದೇ ರಸ್ತೆಯಾಗೆ ಲಾರಿ ಬಡಿದು ಹೋದ."

ರಂಗವ್ವನ ಕಣ್ಣಲ್ಲಿ ನೀರು ಬಂತು. ಕೊಡ ಕೆಳಗಿಟ್ಟು ಅವ್ವನ ಹೆಗಲು ತಬ್ಬಿಕೊಂಡಳು. ಒಳ್ಳೆಯ ಹೆಂಗಸು, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗಾಗಲಿಲ್ಲ.

"ಆವಾಗ ನಿಮಗೆ ಅಜ್ಜಯ್ಯನ ವಿಷಯ ಗೊತ್ತಿರಲಿಲ್ಲೇನು ಯವ್ವ? ಒಂದು ಮಾತು ಬಂದು ಹೇಳ್ಕಂಡಿದ್ರೆ ಉಳಿಸಿಕೊಡ್ತಿದ್ದ."

"ಗೊತ್ತಿರಲಿಲ್ಲವ್ವ" ಎಂದಳು ಅವ್ವ.

ಆಮೇಲೆ ರಂಗವ್ವನ ಚೀಲದಿಂದ ಕುಂಕುಮ ಕೇಳಿ ಇಸಿದುಕೊಂಡಳು. ಎಣ್ಣೆಯಲ್ಲಿ ಕಲಸಿ, ಆಗಷ್ಟೇ ಸಿಕ್ಕಿದ್ದ ಅಕ್ಷರದ ಕುಳಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು. ಅಕ್ಕಪಕ್ಕದ ಕುಳಿಗಳನ್ನೂ ಹುಡುಕಿ ತುಂಬಿದಳು. ಕಲ್ಲು ಮತ್ತೆ ನುಣ್ಣಗಾಯಿತು. ರಂಗವ್ವ ಕಾಯಿ ಒಡೆದು ಎರಡು ಹೋಳು ಮುಂದಿಟ್ಟಳು.

"ನೀವೂ ಕೈ ಮುಗೀರಿ ಯವ್ವ. ನನ್ನ ಮಗನ ಸಲುವಾಗಿ ಒಂದು ಮಾತು ಹೇಳ್ರಿ."

ಹೆತ್ತವರು ಮಕ್ಕಳಿಗೆ ಕೈ ಮುಗಿಯಬಾರದು, ಮಕ್ಕಳ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಅವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದಳು.

"ಅಜ್ಜಯ್ಯ, ಈಕಿ ಮಗನ್ನ ಕಾಯಪ್ಪ" ಎಂದಳು.