ಮನಿಲಾದ ಮಾತು, ಮಲಕಮ್ಮನ ಮಾತು

ಮುದನಾಳದ ಕುರುಬರ ಓಣಿಯಲ್ಲಿ ಮಲಕಮ್ಮನನ್ನು ಕಂಡರೆ ಆಗದವರೇ ಹೆಚ್ಚು. ಅವರನ್ನು ಕಂಡರೆ ಅವಳಿಗೂ ಆಗುತ್ತಿರಲಿಲ್ಲ. ಅವಳ ನಿಜವಾದ ಹೆಸರು ಅಲಾರಿ, ಅಸ್ಸಾಮಿನ ಬೋಡೊ ಜನರ ಹುಡುಗಿ. ಮಹಾಯುದ್ಧದ ಕಾಲಕ್ಕೆ ವಿಮಾನ ಇಳಿಯುವ ಬಯಲು ಕಟ್ಟಲು ಅಲ್ಲಿಗೆ ಕೂಲಿ ಹೋಗಿದ್ದ ಮಾನಪ್ಪ ಅವಳನ್ನು ಮದುವೆಯಾಗಿ ಕರೆತಂದಿದ್ದ. ಅತ್ತೆ ಹಣಮಮ್ಮ ಹೆಸರು ಬದಲಿಸಿ ಮಲಕಮ್ಮ ಎಂದಿಟ್ಟಳು. ಮೋರೆ ಬದಲಿಸಲು ಬರಲಿಲ್ಲವಲ್ಲ ಎಂಬ ಸಂಕಟ ಮಾತ್ರ ಆ ಮುದುಕಿಯನ್ನು ಸಾಯುವವರೆಗೂ ಬಿಡಲಿಲ್ಲ.

ಮಲಕಮ್ಮ ಕನ್ನಡ ಕಲಿತಳು, ಕುರಿ ಕಾಯುವುದನ್ನೂ ಕಲಿತಳು. ನಿಜಾಮನ ಆಳ್ವಿಕೆ ಮುಗಿದು, ಯಾದಗಿರಿಯ ಕಚೇರಿಗಳಲ್ಲಿ ಉರ್ದು ಬರೆಯುತ್ತಿದ್ದ ಕೈಗಳು ಕನ್ನಡದ ಅಕ್ಷರ ತಿದ್ದುತ್ತಿದ್ದ ವರ್ಷಗಳು ಅವು. ಅಂಥ ಒಂದು ಮಳೆಗಾಲದಲ್ಲಿ ಮಾನಪ್ಪ ಹಾವು ಕಚ್ಚಿ ಸತ್ತ. ಹೆಣದ ಮೇಲೆ ಬಿದ್ದು ಅಳುವಾಗ ಮಲಕಮ್ಮನ ಬಾಯಿಗೆ ಕನ್ನಡ ಬರಲಿಲ್ಲ, ಬೋಡೊ ಬಂತು.

ಫಜೀತಿ ಶುರುವಾದದ್ದೇ ಅಲ್ಲಿಂದ. ಗಂಡನ ಹೆಣದ ಮುಂದೆ ಹೆಂಡತಿ ಹಾಡ್ಯಾಡಿ ಅಳುತ್ತ ಏನೆನ್ನುತ್ತಾಳೋ ಅದು ಆಣೆಗೆ ಸಮ ಎಂಬುದು ಆ ಓಣಿಯ ಕಟ್ಟಳೆ. ಮಣ್ಣು ಕೊಟ್ಟು ಬಂದ ಎಂಟು ದಿನಕ್ಕೇ ಮೈದುನ ಅಯ್ಯಣ್ಣ, ಗೌಡ ಮರಿಲಿಂಗಪ್ಪನ ಕಟ್ಟೆಗೆ ಹೋಗಿ ದೂರಿಟ್ಟ. ಕುರಿ ಹಿಂಡನ್ನು ಮೈದುನನಿಗೆ ಬಿಟ್ಟು ತವರಿಗೆ ಹೋಗುತ್ತೇನೆಂದು ಅತ್ತಿಗೆ ತನ್ನ ಮಾತಿನಲ್ಲಿ ಅತ್ತಿದ್ದಾಳೆ, ಆಡಿದಂತೆ ನಡೆಯಲಿ ಎಂದ. ಬೋಡೊದ ಒಂದು ಅಕ್ಷರವೂ ಬಾರದ ಮಹಾನುಭಾವನ ಧೈರ್ಯ ಮೆಚ್ಚಬೇಕು. ಆದರೆ ಅವಳ ಅಳು ಕೇಳಿದೆ, ಅರ್ಥವಾಯಿತು ಎಂದು ಸಾಕ್ಷಿ ಹೇಳಲು ಅವನ ಕೈಯಲ್ಲಿ ಮೈನುದ್ದೀನನಿದ್ದ.

ಶಹಾಪುರದ ಮೈನುದ್ದೀನ ಮುಂಬಯಿಯಲ್ಲಿ ಹಡಗು ಹತ್ತಿ, ಅದರ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿದ್ದವನು. ಯುದ್ಧ ಬಂದು ಫಿಲಿಪೈನ್ಸಿನ ಮನಿಲಾದಲ್ಲಿ ಸಿಕ್ಕಿಬಿದ್ದು, ಅಲ್ಲಿಯ ಮಾತು ಕಲಿತು ಬಂದಿದ್ದ. ಅವನ ಬಳಿ ಮನಿಲಾದ ಗೆಳೆಯರ ಒಂದು ಫೋಟೋ ಇತ್ತು. ಅದನ್ನು ನೋಡಿದ ಓಣಿಯವರೆಲ್ಲ ಥೇಟ್ ಮಲಕಮ್ಮನ ಅಣ್ಣತಮ್ಮಂದಿರು ಎಂದರು. ಮೋರೆ ಒಂದೇ, ದಿಕ್ಕು ಒಂದೇ, ಅಂದಮೇಲೆ ಮಾತೂ ಒಂದೇ ಎಂದು ತೀರ್ಮಾನಿಸಿದರು. ಅಲ್ಲವೆಂದು ಮೈನುದ್ದೀನನಿಗೆ ಗೊತ್ತಿತ್ತು. ಆದರೆ, ನೀನು ನಿಜಾಮನ ಕಡೆಯ ರಜಾಕಾರನಾಗಿದ್ದೆ ಎಂದು ಠಾಣೆಗೆ ಹೇಳುತ್ತೇನೆ ಅಂತ ಅಯ್ಯಣ್ಣ ಹೆದರಿಸಿದ್ದ. ಅದು ಶುದ್ಧ ಸುಳ್ಳು. ಆ ವರ್ಷಗಳಲ್ಲಿ ಸುಳ್ಳೋ ನಿಜವೋ ಎಂದು ಕೇಳುವ ತಾಳ್ಮೆ ಯಾರಿಗಿತ್ತು?

ಬೆಳಿಗ್ಗೆ, ಕುರಿ ಬಿಡುವ ಮೊದಲು, ಮಲಕಮ್ಮನ ದೊಡ್ಡಿಯ ಮುಂದೆಯೇ ಪಂಚಾಯಿತಿ ಕೂತಿತು. ಅಯ್ಯಣ್ಣ ಗೆದ್ದವನಂತೆ ಆಗಲೇ ಒಂದು ಕೊಬ್ಬಿದ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡಿದ್ದ. ಅದನ್ನು ಕಂಡು ಮಲಕಮ್ಮನ ಮೈ ಉರಿಯಿತು.

ಎರಡೂ ಮಾತು ಒಂದೇ ಹೌದೋ ಅಲ್ಲವೋ ನೋಡೇಬಿಡೋಣ ಎಂದು ಗೌಡ ಕೊಡದ ನೀರು ತೋರಿಸಿದ. ಮೈನುದ್ದೀನ ‘ತುಬಿಗ್’ ಎಂದ, ಮಲಕಮ್ಮ ‘ದೈ’ ಎಂದಳು. ಒಲೆಯ ಬೆಂಕಿಗೆ ಅವನು ‘ಅಪೊಯ್’ ಎಂದರೆ ಅವಳು ‘ಒರ್’ ಎಂದಳು. ಬೆರಳೆಣಿಸಲು ಹೇಳಿದರೆ ಅವನದು ‘ಇಸಾ, ದಲವಾ, ತತ್ಲೊ’, ಅವಳದು ‘ಸೆ, ನೈ, ಥಾಮ್’. ಕೂತವರು ಗುಸುಗುಸು ಶುರುಮಾಡಿದರು.

ಅಯ್ಯಣ್ಣ ಸೋಲುವ ಕುಳವಲ್ಲ. “ನಮ್ಮ ಮಾತು ಮೈಸೂರು ಕಡ್ಯಾವ್ರಿಗೆ ತಿಳೀತದೇನ್ರಿ ಗೌಡ್ರ? ಆದ್ರೂ ಎರಡೂ ಕನ್ನಡನ ಹೌದಲ್ರಿ?” ಎಂದ.

ಗೌಡ ತಲೆದೂಗಿದ. ಕೂತವರೂ ತಲೆದೂಗಿದರು. ಇಷ್ಟು ವರ್ಷ ಇವರ ನಡುವೆ ಬಾಳಿದೆನಲ್ಲಾ ಎಂದು ಮಲಕಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಗೌಡ್ರ, ನಾ ಒಂದು ಮಾತು ಆಡ್ತೀನ್ರಿ,” ಎಂದಳು. “ಅದರ ಅರ್ಥ ಈ ಅಣ್ಣ ಹೇಳ್ಲಿ. ಬರೋಬರಿ ಹೇಳಿದ್ರ ಇವತ್ತ ಕುರಿ ಬಿಟ್ಟು ಹೋಗ್ತೀನಿ.”

ಗೌಡ ಒಪ್ಪಿದ. ಅವಳು ಯಾರ ಮುಖವನ್ನೂ ನೋಡದೆ ಬೋಡೊದಲ್ಲಿ ಮೆಲ್ಲಗೆ ಏನೋ ಅಂದಳು. ಮೈನುದ್ದೀನ ಒಮ್ಮೆ ಅಯ್ಯಣ್ಣನತ್ತ ನೋಡಿದ. “ತವರು ನೆನಪಾಗ್ಯಾದಂತ್ರಿ. ಕಳಿಸಿಕೊಡ್ರಿ ಅನ್ನಾಕತ್ಯಾಳ,” ಎಂದ.

ಅವನ ಮಾತು ಮುಗಿಯುವಷ್ಟರಲ್ಲಿ ದೊಡ್ಡಿಯ ಬಾಗಿಲಲ್ಲಿ ಮಲಗಿದ್ದ ನಾಯಿ ಕರಿಯ ಎದ್ದು ಬಂದು ಅಯ್ಯಣ್ಣನ ಕಂಬಳಿಯ ಸೆರಗು ಕಚ್ಚಿ ಜಗ್ಗಿತು. ಅಯ್ಯಣ್ಣ ಮರಿಯ ಸಮೇತ ಕುಂಡೆ ಊರಿ ಬಿದ್ದ. ಮರಿ ಕಳ್ಳನನ್ನು ಹಿಡಿ ಎಂದಿದ್ದಳು ಅವಳು. ಈ ಓಣಿಯಲ್ಲಿ ಅವಳೊಂದಿಗೆ ಒಂದು ಒಳ್ಳೆಯ ಮಾತು ಆಡುವವರು ಗಂಡನ ಹೊರತು ಇರಲಿಲ್ಲ. ಅವನು ಕುರಿಯ ಹಿಂದೆ ಹೋದಾಗಲೆಲ್ಲ ಕರಿಯನ ಜೊತೆ ಮಾತಾಡುತ್ತಿದ್ದಳು, ಬೋಡೊದಲ್ಲಿ. ಮರಿಯಾಗಿದ್ದಾಗಿನಿಂದ ಕರಿಯನಿಗೆ ಗೊತ್ತಿದ್ದದ್ದು ಅದೊಂದೇ ಭಾಷೆ.

ಅವಳು ಇನ್ನೊಂದು ಮಾತು ಅಂದಳು. ಕರಿಯ ಕಂಬಳಿ ಬಿಟ್ಟು ಸುಮ್ಮನೆ ಕೂತಿತು.

“ಈಗ ಏನಂದೆ, ಅದನ್ನೂ ಹೇಳಣ್ಣ,” ಎಂದಳು.

ಮೈನುದ್ದೀನ ಕೈ ಮುಗಿದ. “ನಂಗ ಮನಿಲಾದ್ದು ಬರ್ತದ್ರಿ ಗೌಡ್ರ. ಈಕಿದು ಒಂದಕ್ಷರ ಬರಂಗಿಲ್ಲ. ರಜಾಕಾರ ಅಂತ ಹೇಳ್ತೀನಂತ ಅಯ್ಯಣ್ಣ ಅಂಜಿಸ್ಯಾನ್ರಿ.”

ಯಾರೂ ಅಯ್ಯಣ್ಣನನ್ನು ಕೈಹಿಡಿದು ಎಬ್ಬಿಸಲಿಲ್ಲ. ಹಿಂಡು ಮಲಕಮ್ಮನದೇ ಎಂದು ಗೌಡ ತೀರ್ಪು ಕೊಟ್ಟ. ಕಟ್ಟೆಯಿಂದ ಏಳುವ ಮೊದಲು, ಮನಸ್ಸು ತಡೆಯದೆ, ಹಾಗಾದರೆ ಅವತ್ತು ಹೆಣದ ಮುಂದೆ ಏನಂದಿದ್ದೆ ಎಂದು ಕೇಳಿದ.

ಮಲಕಮ್ಮ ಒಮ್ಮೆ ತನ್ನ ಮನೆಯ ಕಡೆ ನೋಡಿದಳು. ಈ ದರಿದ್ರ ಊರು ನನಗೆ ಬೇಡ, ಕುರಿ ನಿನ್ನ ತಮ್ಮನೇ ಇಟ್ಟುಕೊಳ್ಳಲಿ, ನಾನು ನನ್ನವ್ವನ ಹತ್ತಿರ ಹೋಗುತ್ತೇನೆ ಎಂದೇ ಅವಳು ಅತ್ತಿದ್ದಳು. ಅಯ್ಯಣ್ಣ ಕುರುಡಾಗಿ ಎಸೆದ ಕಲ್ಲು ನೆಟ್ಟಗೆ ತಾಕಿತ್ತು. ಒಳಗೆ ಅವಳ ಬಟ್ಟೆಯ ಗಂಟು ಕಟ್ಟಿಯೇ ಇತ್ತು. ಅವನು ಇನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಅವಳು ರೈಲು ಹತ್ತಿರುತ್ತಿದ್ದಳು.

“ಈ ಕುರಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ಅಂದಿದ್ದೆರಿ,” ಎಂದಳು.

ಅಯ್ಯಣ್ಣನ ತೋಳಿನಿಂದ ಮರಿಯನ್ನು ಕಿತ್ತುಕೊಂಡು ದೊಡ್ಡಿಯ ಬಾಗಿಲು ತೆಗೆದಳು. ಆ ಮಾತು ಸುಳ್ಳೆಂದು ಹೇಳಬಲ್ಲವನು ಊರಿನಲ್ಲಿ ಒಬ್ಬನೇ ಇದ್ದ. ಅವನು ಬಾಲ ಅಲ್ಲಾಡಿಸುತ್ತ ಅವಳ ಹಿಂದೆಯೇ ನಡೆದ.